ಮಧ್ಯಮ ತೋಟಾ ಮತ್ತು ಇರ್ಯಾಳ ಕೊಪ್ಪರಿಗೆ

ಬದುಕಿನ ದೊಡ್ಡ ವಿಷಯಗಳನ್ನೆಲ್ಲ ನಾನು ಚಿಟಿಕೆ ಹೊಡೆಯುವುದರಲ್ಲಿ ತೀರ್ಮಾನಿಸಿದವನು. ಹೆಂಡತಿಯನ್ನು ಕೆರೆದಂಡೆಯ ನೃತ್ಯಮಂಟಪದಲ್ಲಿ ಒಂದು ಟ್ಯಾಂಗೋ ಮುಗಿಯುವುದರೊಳಗೆ ಒಪ್ಪಿದೆ. ಮನೆ ಕೊಳ್ಳುವಾಗ ಅಡುಗೆಮನೆಯ ಕಡೆ ತಲೆಯನ್ನೂ ಹಾಕದೆ, ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಒಲೆಯೊಂದನ್ನು ನೋಡಿ ಹೂಂ ಅಂದೆ. ಅಪ್ಪನನ್ನು ಮಣ್ಣು ಮಾಡಿ ಬಂದು ಕಾಫಿ ಕುಡಿಯುವಷ್ಟರಲ್ಲಿ ಅವರ ಕ್ಷೌರದಂಗಡಿಯನ್ನು ಮುಂದುವರಿಸುವುದೆಂದು ನಿರ್ಧರಿಸಿದೆ. ಅಂಥ ನಾನು, ಹೆಯ್ಮೋ ಎಂಬ ಹೆಸರಿನ ಈ ಗಟ್ಟಿ ಮನಸ್ಸಿನ ಗಂಡಸು, ಹಿರ್ವಿ ಬೇಟೆಗೆ ಯಾವ ಮಧ್ಯಮ ಗಾತ್ರದ ಕೋವಿ ತೋಟಾ ಒಳ್ಳೆಯದು ಎಂಬ ಒಂದೇ ಒಂದು ಪ್ರಶ್ನೆಗೆ ಸಿಕ್ಕಿ ಹಾಳಾಗಿ ಹೋದೆ. ಹೇಗೆ ಹಾಳಾದೆ ಎಂದು ಹೇಳುತ್ತೇನೆ, ಕೇಳಿ. ನಿಮ್ಮ ಕುತ್ತಿಗೆಗೆ ನಾನು ಬಟ್ಟೆ ಕಟ್ಟಿಲ್ಲ, ಬೇಸರವಾದರೆ ಎದ್ದು ಹೋಗಬಹುದು. ನಮ್ಮೂರಿನ ಗಂಡಸರಿಗೆ ಆ ಭಾಗ್ಯವೂ ಇರಲಿಲ್ಲ.

ಹಿರ್ವಿ ನಮ್ಮ ಸಾವೋ ಸೀಮೆಯ ಕಾಡಿನ ದೊಡ್ಡ ಪ್ರಾಣಿ. ಜಿಂಕೆಯ ಕುಲವೇ ಹೌದು, ಆದರೆ ಕುದುರೆಗಿಂತ ಎತ್ತರ. ಮುಖ ಮಾತ್ರ ಬೇಸರಗೊಂಡ ಪಾದ್ರಿಯದು. ಇದನ್ನು ಹೊಡೆಯಲು ಸಣ್ಣ ತೋಟಾ ಸಾಲದು ಎನ್ನುವವರಿದ್ದಾರೆ. ದೊಡ್ಡ ತೋಟಾ ಇರುವುದು ಆನೆಗೆ, ಸಾವೋದಲ್ಲಿ ಆನೆಯಿಲ್ಲ (ಇದ್ದಿದ್ದರೆ ಪಕ್ಕದೂರಿನ ವಿಲ್ಯಾಮಿ ತಾನೊಂದನ್ನು ಹೊಡೆದೆ ಎಂದು ಹೇಳದೆ ಬಿಡುತ್ತಿರಲಿಲ್ಲ). ಉಳಿದದ್ದು ಮಧ್ಯಮ. ಈ ಮಧ್ಯಮ ಎಂಬುದು ಒಂದಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅದೊಂದು ಸಂತೆ! ಒಂಬತ್ತು ಪಾಯಿಂಟ್ ಮೂರು ಮಿಲಿಮೀಟರ್ ಎಂಬುದೊಂದಿದೆ: ದಪ್ಪ, ನಿಧಾನ, ನಂಬಿಕಸ್ಥ, ನನ್ನ ಭಾವನ ಹಾಗೆ. ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ಮುನ್ನೂರ ಮೂವತ್ತೆಂಟು ಮ್ಯಾಗ್ನಮ್ ಎಂಬುದೊಂದಿದೆ: ತುಸು ತೆಳು, ವಿಪರೀತ ವೇಗ, ಹೊಡೆಸಿಕೊಂಡವನ ಜೊತೆಗೆ ಹೊಡೆದವನನ್ನೂ ವಿಚಾರಿಸಿಕೊಳ್ಳುತ್ತದೆ. ಮುನ್ನೂರ ಎಪ್ಪತ್ತೈದು ಎಂಬ ದೊಡ್ಡಣ್ಣ ಬೇರೆ ಇದ್ದಾನೆ, ಆಫ್ರಿಕಾದಲ್ಲಿ ಸಿಂಹ, ಕಾಡೆಮ್ಮೆಗಳ ಸಹವಾಸದಲ್ಲಿ ಬೆಳೆದವನು. ಈ ಮೂವರ ಸ್ವಯಂವರದಲ್ಲಿ ಮಾಲೆ ಹಿಡಿದು ಸುತ್ತುತ್ತಾ ನಾನು ಒಂದು ವರ್ಷವನ್ನೇ ಕಳೆದುಬಿಟ್ಟೆ.

ಸುಮ್ಮನೆ ಹತ್ತಿದ ಹುಚ್ಚಲ್ಲ ಇದು. ಹಿಂದಿನ ಶರತ್ಕಾಲದಲ್ಲಿ ನನಗೊಂದು ಅವಮಾನವಾಗಿತ್ತು. ಅಪ್ಪನ ಹಳೆಯ ರೈಫಲ್ಲಿನಿಂದ, ಅದರ ಸಾಧಾರಣ ತೋಟಾದಿಂದ, ಕೊಂಬುಳ್ಳ ಒಂದು ಹಿರ್ವಿಗೆ ಹೊಡೆದೆ. ಅದು ನನ್ನನ್ನೊಮ್ಮೆ ನೋಡಿತು. ಆಮೇಲೆ ಯಾವ ಆತುರವೂ ಇಲ್ಲದೆ ತಿರುಗಿ, ಗಡಿಯ ಕಾಲುವೆ ದಾಟಿ, ವಿಲ್ಯಾಮಿಯ ಬೇಟೆ ತಂಡದವರ ಕಾಡಿನೊಳಕ್ಕೆ ಹೋಗಿ, ಒಳ್ಳೆಯ ಪಾಚಿ ಇರುವ ಜಾಗ ನೋಡಿಕೊಂಡು ಸತ್ತಿತು. ಪ್ರಾಣಿ ನಮ್ಮದೇ, ಆದರೆ ನೆಲ ಅವರದು. ಕೇಳದೆ ಕಾಲಿಡುವಂತಿಲ್ಲ. ಹಾಗಾಗಿ ನಾನು ಟೋಪಿ ಕೈಯಲ್ಲಿ ಹಿಡಿದು ವಿಲ್ಯಾಮಿಯ ಮನೆ ಬಾಗಿಲಿಗೆ ಹೋದೆ.

ಅವನು ಕೂರಿಸಿದ. ಕಾಫಿ ಕೊಟ್ಟ. ದಾಲ್ಚಿನ್ನಿ ಬನ್ನು ಕೊಟ್ಟ. ಮತ್ತೆ ಕಾಫಿ ಕೊಟ್ಟ. ನನ್ನ ಅಮ್ಮನ ಮಂಡಿನೋವು, ರಸ್ತೆಯ ಗುಂಡಿ, ಈ ಸಲದ ಆಲೂಗಡ್ಡೆ, ಎಲ್ಲವನ್ನೂ ವಿಚಾರಿಸಿದ. ಕೊನೆಗೆ ಬಟ್ಟಲನ್ನು ಕೆಳಗಿಟ್ಟು, "ನಮ್ಮ ಕಡೆ ಏನೋ ಬಿದ್ದಿದ್ಯಂತಪ್ಪ, ನಿಂದೇನೋ?" ಅಂದ. ಅಲ್ಲಿಂದ ಇಲ್ಲಿಯವರೆಗೆ ಅವನು ಆ ಕಥೆಯನ್ನು ಹೇಳದ ಅಂಗಡಿಯಿಲ್ಲ, ಪೆಟ್ರೋಲ್ ಬಂಕಿಲ್ಲ. ಪ್ರತಿಸಲವೂ ನನ್ನ ಹಿರ್ವಿ ಇನ್ನಷ್ಟು ದೂರ ನಡೆಯುತ್ತಿತ್ತು.

"ತೋಟಾ ಸರಿಯಾಗಿಲ್ಲ," ಎಂದು ನಾನು ಮನೆಯಲ್ಲಿ ಘೋಷಿಸಿದೆ.

"ತೋಟಾ ಸರಿಯಾಗೇ ಇತ್ತು. ನೀನು ಹೊಡ್ದಿದ್ದು ಹೊಟ್ಟೆಗೆ," ಅಂದಳು ನನ್ನ ಹೆಂಡತಿ ಇರ್ಯಾ.

"ಹೊಟ್ಟೆಗಲ್ಲ. ಹೊಟ್ಟೆ ಅಕ್ಕಪಕ್ಕಕ್ಕೆ."

"ನಿಮ್ಮಪ್ಪ ಅದೇ ರೈಫಲ್ಲಲ್ಲಿ ಜನ್ಮವಿಡೀ ಹೊಡೆದ್ರು. ಒಂದಾದ್ರೂ ಊರು ಬಿಟ್ಟು ಹೋಯ್ತಾ?"

"ಆಗಿನ ಹಿರ್ವಿಗಳಿಗೆ ಮಾನ ಮರ್ಯಾದೆ ಇತ್ತು, ಇರ್ಯಾ."

"ಆಗಿನ ಗಂಡಸರಿಗೆ ಗುರಿ ಇತ್ತು," ಎಂದು ಅವಳು ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

ಮಾತು ನನ್ನ ಮಾನಕ್ಕೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ನುಂಗಿಕೊಳ್ಳುತ್ತಿದ್ದೆ, ನುಂಗಿ ಅಭ್ಯಾಸವಿದೆ. ಆದರೆ ಈ ವರ್ಷ ಹಿಲ್ಮಾ ಅಜ್ಜಿಯ ಕಾಡಿನ ವಿಷಯವಿತ್ತು. ಹೇಳಬೇಕೆಂದರೆ, ನಮ್ಮ ಬೇಟೆಯ ತಂಡಕ್ಕೆ ಸ್ವಂತದ್ದೊಂದು ಗೇಣು ಕಾಡಿಲ್ಲ. ಊರಿನವರ ಕಾಡುಗಳನ್ನು ಮಾತಿನ ಮೇಲೆ ಪಡೆದು ಬೇಟೆಯಾಡುತ್ತೇವೆ. ಬದಲಿಗೆ ಹಂಗಾಮು ಮುಗಿದ ಮೇಲೆ ಊರ ಸಭಾಭವನದಲ್ಲಿ ಎಲ್ಲ ಕಾಡಿನ ಒಡೆಯರನ್ನೂ ಕೂರಿಸಿ ಹಿರ್ವಿ ಸಾರಿನ ಔತಣ ಬಡಿಸುತ್ತೇವೆ. ಹಿಲ್ಮಾ ಅಜ್ಜಿಯ ಕಾಡು ಎಲ್ಲಕ್ಕಿಂತ ದೊಡ್ಡದು, ಎಲ್ಲದರ ನಡುವೆ ಇರುವುದು. ಅದು ಹೋದರೆ ನಮ್ಮ ಬೇಟೆಯ ನೆಲ ಹೊಟ್ಟೆಯ ಹತ್ತಿರ ತೂತು ಬಿದ್ದ ಸ್ವೆಟರು. ಅಜ್ಜಿ ನಮಗೆ ಕೊಟ್ಟಿದ್ದ ಮಾತಿನ ಅವಧಿ ಈ ಸಲದ ಔತಣಕ್ಕೆ ಮುಗಿಯುತ್ತಿತ್ತು. ವಿಲ್ಯಾಮಿ ಹಿಂದಿನ ಚಳಿಗಾಲದಿಂದಲೇ ಅವರ ಅಂಗಳದ ಹಿಮ ಬಾಚುತ್ತಿದ್ದ, ಕಟ್ಟಿಗೆ ಒಡೆದು ಕೊಡುತ್ತಿದ್ದ, ಬೆಕ್ಕಿನ ಯೋಗಕ್ಷೇಮ ಕೇಳುತ್ತಿದ್ದ. ಬೆಕ್ಕನ್ನು ಕಂಡರಾಗದ ಮನುಷ್ಯ ಅವನು!

ಸಾರಿನ ಕೊಪ್ಪರಿಗೆ ಇರ್ಯಾಳದು. ಅವಳಮ್ಮನಿಂದ ಬಂದದ್ದು. ಕೊಪ್ಪರಿಗೆ ಮಾತ್ರವಲ್ಲ, ಸಾರಿನ ವಿಧಾನವೂ: ಹಿರ್ವಿಯ ಮುಂಗಾಲಿನ ಹೆಗಲು ಮಾಂಸ, ಕುತ್ತಿಗೆ ಮಾಂಸ, ಮೂಳೆ ಸಮೇತ, ಹಿಂದಿನ ಸಂಜೆಯೇ ಒಲೆಗೇರಬೇಕು. ಹಿಂದಿನ ತೊಡೆಯನ್ನೂ ಬೆನ್ನಿನ ಮೆತ್ತನೆಯ ಮಾಂಸವನ್ನೂ ತಂಡದವರು ಹಂಚಿಕೊಂಡು ಮನೆಗೆ ಒಯ್ಯುತ್ತಾರೆ. ಸಾರಿಗೆ ಹೆಗಲು, ಮನೆಗೆ ಬೆನ್ನು. ನಮ್ಮೂರಿನಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಪ್ರಶ್ನಿಸಿಯೂ ಇಲ್ಲ.

ನನ್ನ ಭಾವ ಎನ್ಸಿಯೋ, ಅಂದರೆ ಇರ್ಯಾಳ ಅಣ್ಣ, ತಂಡದ ನಾಯಕ. ವಸಂತದಲ್ಲಿ ಒಂದು ದಿನ ನನ್ನ ಕ್ಷೌರದ ಕುರ್ಚಿಯಲ್ಲಿ ಕೂತು ಕನ್ನಡಿಯೊಳಗಿನ ನನಗೆ ಹೇಳಿದ:

"ಹೆಯ್ಮೋ, ಈ ಸಲ ಪರವಾನಗಿ ಸಿಕ್ಕಿರೋದು ಒಂದೇ ಪ್ರಾಣಿಗೆ. ಜೌಗಿನ ಪಕ್ಕದ ಜಾಗ ನಿಂದು. ನಾಯಿ ಅಟ್ಟಿಕೊಂಡು ಬರೋದು ಅಲ್ಲಿಗೇ. ಈ ಸಲಾನೂ ಅದು ಆಚೆ ಹೋಯ್ತು ಅಂದ್ರೆ..."

ಮುಂದೆ ಹೇಳಲಿಲ್ಲ. ಸಾವೋದವರು ಯಾವುದನ್ನೂ ನೇರವಾಗಿ ಹೇಳುವುದಿಲ್ಲ. ಮಳೆ ಬರುತ್ತಿದೆಯೇ ಎಂದು ಮಳೆಯಲ್ಲಿ ನೆನೆಯುತ್ತಿರುವವನನ್ನು ಕೇಳಿದರೂ, "ಇರಬಹುದು, ಇಲ್ದೇನೂ ಇರಬಹುದು," ಎನ್ನುತ್ತಾನೆ. ಅಂಥ ಊರಿನಲ್ಲಿ ಅರ್ಧಕ್ಕೆ ನಿಲ್ಲಿಸಿದ ಮಾತೆಂದರೆ ಕಪಾಳಕ್ಕೆ ಹೊಡೆದ ಹಾಗೆ.

ಶರತ್ಕಾಲದಿಂದ ಒಳಗೊಳಗೇ ನಡೆದಿದ್ದ ನನ್ನ ತೋಟಾ ಮೀಮಾಂಸೆ ಆವತ್ತಿನಿಂದ ಬಯಲಿಗೆ ಬಂತು. ನಿಂತಲ್ಲೇ ಬೀಳಿಸುವ ತೋಟಾ ಬೇಕು! ಹಗಲೆಲ್ಲ ಅಂಗಡಿಯಲ್ಲಿ ಗಿರಾಕಿಗಳ ತಲೆಯ ಮೇಲೆ ವಾದ ಮಂಡಿಸಿದೆ. ಎಡಗಿವಿಯ ಮೇಲೆ ಕತ್ತರಿ ಆಡಿಸುವಾಗ ಒಂಬತ್ತು ಮೂರರ ಪರ, ಬಲಗಿವಿಗೆ ಬಂದಾಗ ಮೂವತ್ತೆಂಟರ ಪರ, ಹಿಂದಲೆಯಲ್ಲಿ ಎಪ್ಪತ್ತೈದಕ್ಕೂ ಒಂದು ಅವಕಾಶ. ನಾನು ನಿಷ್ಪಕ್ಷಪಾತಿ. ಆ ಬೇಸಿಗೆ ನಮ್ಮೂರಿನ ಗಂಡಸರೆಲ್ಲ ಯಾಕೋ ಕೂದಲು ಉದ್ದ ಬಿಟ್ಟುಕೊಂಡರು. ಹೊಸ ಫ್ಯಾಷನ್ನು ಇರಬೇಕೆಂದು ನಾನಂದುಕೊಂಡೆ.

ರಾತ್ರಿ ಊಟದ ಮೇಜಿನ ಮೇಲೂ ಅದೇ ಅಧ್ಯಯನ.

"ನೋಡು ಇರ್ಯಾ, ಈ ಉಪ್ಪಿನ ಡಬ್ಬಿ ಒಂಬತ್ತು ಮೂರು ಅನ್ಕೋ. ಮೆಣಸಿನ ಡಬ್ಬಿ ಮೂವತ್ತೆಂಟು. ಈ ಬೆಣ್ಣೆ ಹಿರ್ವಿ."

"ಬೆಣ್ಣೆ ಈಚೆ ಕೊಡು."

"ತಾಳು. ಒಂಬತ್ತು ಮೂರು ನಿಧಾನ ಹೋಗುತ್ತೆ, ಆದ್ರೆ ತೂಕ ಜಾಸ್ತಿ. ಮೂವತ್ತೆಂಟು..."

ಇರ್ಯಾ ಮೂವತ್ತೆಂಟನ್ನು ಎತ್ತಿ ತನ್ನ ಮೀನಿನ ಮೇಲೆ ಉದುರಿಸಿಕೊಂಡಳು. "ಗಂಡನ್ನ ಆರಿಸೋಕೆ ನಂಗೆ ಒಂದು ಟ್ಯಾಂಗೋ ಸಾಕಾಯ್ತು," ಅಂದಳು.

"ನೋಡ್ದ್ಯಾ ಮತ್ತೆ! ಎಷ್ಟು ಸಲೀಸು!"

"ಅದಕ್ಕೇ ಹೇಳ್ತಿರೋದು. ಒಂದೇ ಟ್ಯಾಂಗೋದಲ್ಲಿ ತೀರ್ಮಾನ ಮಾಡಿದ್ರೆ ಹೀಗೇ ಆಗೋದು. ನೀನು ಯೋಚ್ನೆ ಮಾಡಿಯೇ ತಗೋ. ಆದ್ರೆ ಬಾಯಿ ಮುಚ್ಕೊಂಡು ಯೋಚ್ನೆ ಮಾಡು."

ಬಾಯಿ ಮುಚ್ಚಿಕೊಂಡು ಯೋಚಿಸಿದೆ. ಆಶ್ಚರ್ಯವೆಂದರೆ ಬೇಗ ತೀರ್ಮಾನವಾಯಿತು. ಒಂಬತ್ತು ಪಾಯಿಂಟ್ ಮೂರು! ಹೆಗಲಿಗೆ ತಡೆಯುವಂಥದ್ದು, ನಿಧಾನವಾಗಿ ಹೋಗಿ ಕೆಲಸ ಮುಗಿಸುವಂಥದ್ದು, ಮಾಂಸ ಕೆಡಿಸದಂಥದ್ದು. ಮನಸ್ಸು ಹಗುರಾಯಿತು. ಮೀಸೆಗೆ ಎಣ್ಣೆ ಹಚ್ಚಿಕೊಂಡು ಪೇಟೆಯ ಕೋವಿ ಅಂಗಡಿಗೆ ಹೋದೆ. ನನ್ನ ಗ್ರಹಚಾರ ಅಲ್ಲಿ ಆಗಲೇ ಬಂದು ಗಲ್ಲಾದ ಮುಂದೆ ನಿಂತಿತ್ತು. ಹಸಿರು ಜಾಕೆಟ್ಟು ಹಾಕಿಕೊಂಡು, ಹೊಚ್ಚ ಹೊಸ ರೈಫಲ್ಲನ್ನು ಹೆಗಲಿಗೇರಿಸಿ ನೋಡುತ್ತಾ ನಿಂತಿದ್ದ ವಿಲ್ಯಾಮಿ! ಪಕ್ಕದಲ್ಲಿ ತೋಟಾ ಡಬ್ಬಿ. ಒಂಬತ್ತು ಪಾಯಿಂಟ್ ಮೂರು.

"ಓಹೋ, ಹೆಯ್ಮೋ! ನೀನೂ ಇದಕ್ಕೇ ಬಂದ್ಯಾ? ತಗೋ ತಗೋ, ಒಳ್ಳೇದು. ನನ್ನ ನೋಡ್ಕೊಂಡು ತಗೊಂಡೆ ಅಂತ ನಾನೇನೂ ಯಾರಿಗೂ ಹೇಳಲ್ಲ ಬಿಡು."

ನಮ್ಮ ಕಡೆ ಯಾರಿಗೂ ಹೇಳಲ್ಲ ಎಂದರೆ ನಾಳೆ ಬೆಳಗ್ಗೆ ಹಾಲಿನ ಲಾರಿಯವನಿಂದ ಶುರುಮಾಡುತ್ತೇನೆ ಎಂದರ್ಥ. ಒಂದು ವರ್ಷದ ಅಧ್ಯಯನ, ಚಿಂತನೆ, ಉಪ್ಪಿನ ಡಬ್ಬಿ, ಎಲ್ಲವೂ ಆ ಒಂದು ಕ್ಷಣದಲ್ಲಿ ಕಣ್ಣೆದುರು ಮುಳುಗಿಹೋದವು.

"ಇಲ್ಲಪ್ಪ," ಎಂದಿತು ನನ್ನ ಬಾಯಿ. "ಆ ನಿಧಾನದ್ದು ನಂಗೆ ಯಾಕೆ? ನಾನು ಬಂದಿದ್ದು ಮೂವತ್ತೆಂಟು ಮ್ಯಾಗ್ನಮ್‌ಗೆ."

ವಿಲ್ಯಾಮಿ ನನ್ನ ತೆಳು ಹೆಗಲನ್ನು ನೋಡಿ "ಹ್ಮ್" ಅಂದ. ಆ ಹ್ಮ್ ನಾನು ಮನೆ ಮುಟ್ಟುವವರೆಗೂ ಕಾರಿನ ಹಿಂದಿನ ಸೀಟಿನಲ್ಲಿ ಕೂತಿತ್ತು.

ಗುಂಡು ಹಾರಿಸುವ ಅಭ್ಯಾಸಕ್ಕೆಂದು ಬಯಲಿಗೆ ಹೋದೆ. ಮೊದಲ ಗುಂಡು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಿಲ್ಲ, ನಾನು ಎಲ್ಲಿಗೆ ಹೋದೆನೆಂದು ಮಾತ್ರ ಗೊತ್ತು. ಟೋಪಿ ಒಂದು ಕಡೆ, ಕನ್ನಡಕ ಒಂದು ಕಡೆ. ಎರಡನೆಯ ಗುಂಡಿಗೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮೂರನೆಯದಕ್ಕೆ ಗುಂಡು ಹಾರುವ ಮೊದಲೇ ನಾನು ಮುಖ ಹಿಂಡಿದೆ. ಸಂಜೆ ಇರ್ಯಾ ಅಂಗಿ ಬಿಚ್ಚಿಸಿ, ಫ್ರೀಜರಿನಿಂದ ಬ್ಲೂಬೆರಿ ಪೊಟ್ಟಣ ತೆಗೆದು ಹೆಗಲ ಮೇಲಿಟ್ಟಳು. ಹಿಂದಿನ ವರ್ಷದ ಮಾಂಸ ಮುಗಿದು ಅದರಲ್ಲಿ ಉಳಿದಿದ್ದದ್ದು ಹಣ್ಣು ಮಾತ್ರ. ಪೊಟ್ಟಣ ಕರಗಿ ಸೋರಿತು. ಕನ್ನಡಿಯಲ್ಲಿ ನೋಡಿಕೊಂಡರೆ ಸಾಕ್ಷಾತ್ ನಾನೇ ಬೇಟೆಯಾಗಿ ಬಿದ್ದಿದ್ದೆ.

ಆ ವಾರದ ಸೌನಾದಲ್ಲಿ ಬಚ್ಚಿಡಲು ಜಾಗವೇ ಇರಲಿಲ್ಲ. ಸೌನಾ ಎಂದರೆ ಅಷ್ಟೇ, ದೇವರು ಕೊಟ್ಟ ಚರ್ಮದಲ್ಲಿ ಕೂರಬೇಕು. ತಂಡದವರೆಲ್ಲ ಹಲಗೆಯ ಮೇಲೆ ಸಾಲಾಗಿ ಕೂತು, ಬಿಸಿ ಕಲ್ಲಿಗೆ ನೀರೆರೆದು, ಹಬೆಯ ನಡುವಿನಿಂದ ನನ್ನ ಹೆಗಲನ್ನು ನೋಡಿದರು. ನೇರಳೆ, ಹಸಿರು, ಅಂಚಿನಲ್ಲಿ ಹಳದಿ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ಬಾಗಿಲು ಹೊಡೀತಾ?" ಎಂದು ಕೇಳಿದ ಭಾವ.

"ಇರಬಹುದು," ಅಂದೆ ನಾನು.

"ಗಟ್ಟಿ ಬಾಗಿಲು," ಅಂದ. ಮತ್ತೊಂದು ಸೌಟು ನೀರೆರೆದ. "ಹೆಯ್ಮೋ, ಹಿಲ್ಮಾ ಅಜ್ಜಿ ಮನೆ ಹೊಗೆಗೂಡು ಮೊನ್ನೆ ವಿಲ್ಯಾಮಿ ಗುಡಿಸಿ ಕೊಟ್ನಂತೆ."

ನನ್ನ ಬೆವರು ಹಬೆಯದ್ದೋ ಹೆದರಿಕೆಯದ್ದೋ ಗೊತ್ತಾಗಲಿಲ್ಲ. ಬೇಟೆಗೆ ಮೊದಲು ಎಲ್ಲರೂ ಕೊಡಬೇಕಾದ ಗುರಿ ಪರೀಕ್ಷೆಯಲ್ಲಿ ನಾನು ಪಾಸಾದದ್ದು ಹೇಗೆಂದು ಇವತ್ತಿಗೂ ನನಗೆ ತಿಳಿಯದು. ಕಣ್ಣು ಮುಚ್ಚಿದಾಗಲೇ ನನ್ನ ಗುರಿ ಚೆನ್ನಾಗಿರಬಹುದು. ಆದರೆ ಒಳಗೊಳಗೇ ಒಂದು ವಿಷಯ ಗಟ್ಟಿಯಾಯಿತು. ವರ್ಷವಿಡೀ ಸಿಗದ ಜ್ಞಾನೋದಯ ಆ ಹೆಗಲ ನೋವಿನಿಂದ ಸಿಕ್ಕಿತು: ನನಗೆ ಸರಿಯಾದ ತೋಟಾ ಒಂಬತ್ತು ಪಾಯಿಂಟ್ ಮೂರು. ಸಂಶಯವೇ ಇಲ್ಲ. ಈ ಹಂಗಾಮೊಂದು ಕಳೆಯಲಿ, ಈ ಮ್ಯಾಗ್ನಮ್ ಎಂಬ ಮಾರಿಯನ್ನು ಯಾರಿಗಾದರೂ ಸಾಗಹಾಕಿ ಅದನ್ನೇ ತರುತ್ತೇನೆ, ವಿಲ್ಯಾಮಿ ಏನು ಬೇಕಾದರೂ ಹೇಳಿಕೊಳ್ಳಲಿ ಎಂದು ಇರ್ಯಾಳಿಗೂ ಹೇಳಿದೆ. ಅವಳು ನಂಬಲಿಲ್ಲ.

ಬೇಟೆಯ ದಿನ ಬಂತು. ಜೌಗಿನ ಅಂಚಿನಲ್ಲಿ ಕಿತ್ತಳೆ ಟೋಪಿ ಹಾಕಿಕೊಂಡು ಕಡಿದ ಮರದ ಬುಡದ ಮೇಲೆ ಕೂತೆ. ಬೆಳಗಿನ ಮಂಜು, ದೂರದಲ್ಲೆಲ್ಲೋ ನಾಯಿ ಬೊಗಳುವ ಸದ್ದು. ಸದ್ದು ಹತ್ತಿರವಾಯಿತು. ವಿಲೋ ಪೊದೆಗಳು ಸರಿದವು. ಬಂತು! ಕೊಂಬುಗಳು ಎರಡು ದೊಡ್ಡ ಮೊರಗಳಷ್ಟು. ಅದರ ಹಿಂದೆ, ಇನ್ನೊಂದು ಓಟದಷ್ಟು ದೂರದಲ್ಲಿ, ಆ ಹಾಳು ಗಡಿಯ ಕಾಲುವೆ. ಹೆಗಲಿಗೆ ಹೊಡೆದರೆ ಮೂಳೆ ಮುರಿದು ನಿಂತಲ್ಲೇ ಬೀಳುತ್ತದೆ ಎಂದು ನಾನೇ ಎಷ್ಟು ತಲೆಗಳಿಗೆ ಬೋಧಿಸಿಲ್ಲ! ಹೆಗಲಿಗೆ ಗುರಿಯಿಟ್ಟೆ. ಹಿಂಡಿದ ಮುಖದಿಂದಲೇ ರೈಫಲ್ಲಿನ ಕುದುರೆ ಒತ್ತಿದೆ. ನಾನು ಬುಡದಿಂದ ಹಿಂದಕ್ಕೆ ಬಿದ್ದೆ. ಬಿದ್ದಲ್ಲಿಂದ ಹೆದರಿ, ಎಲ್ಲಿ ಓಡಿತೋ ಎಂದು, ಎದ್ದು ಇನ್ನೊಂದು ಹಾರಿಸಿದೆ. ಮತ್ತೆ ಬಿದ್ದೆ. ಕಣ್ಣು ತೆರೆದು ನೋಡಿದರೆ ಹಿರ್ವಿಯೂ ಬಿದ್ದಿತ್ತು. ನಿಂತಲ್ಲೇ! ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ವಾಕಿಟಾಕಿಯಲ್ಲಿ, "ಬಿತ್ತು," ಅಂದೆ. ತಂಡದವರೆಲ್ಲ ಓಡಿ ಬಂದರು. ಭಾವ ನನ್ನ ಕೈ ಕುಲುಕಿದ. ನಮ್ಮಲ್ಲಿ ಮದುವೆಯ ದಿನ ಕೈ ಕುಲುಕಿದರೆ ಆಮೇಲೆ ಕುಲುಕುವುದು ತೀರಾ ಅಪರೂಪ. ಬೆಂಕಿ ಹಾಕಿ ಸಾಸೇಜು ಸುಟ್ಟರು, ದೊಡ್ಡದನ್ನು ನನಗೆ ಕೊಟ್ಟರು. ನನ್ನ ಬದುಕಿನ ಅತ್ಯಂತ ಸುಖದ ಬೆಳಗು ಅದು, ಮಧ್ಯಾಹ್ನದವರೆಗೆ ಇತ್ತು.

ಮಧ್ಯಾಹ್ನ ಮಾಂಸದ ಶೆಡ್ಡಿನಲ್ಲಿ ಪ್ರಾಣಿಯನ್ನು ತೂಗುಹಾಕಿ ಚರ್ಮ ಸುಲಿದರು. ಇರ್ಯಾ ಸಾರಿನ ಮಾಂಸಕ್ಕೆಂದು ದೊಡ್ಡ ಟಬ್ಬು, ಚಾಕು, ಬಿಳಿ ಏಪ್ರನ್ನು ಸಮೇತ ಬಂದಳು. ಚರ್ಮ ಹೆಗಲಿನಿಂದ ಕೆಳಗಿಳಿಯಿತು. ಮ್ಯಾಗ್ನಮ್ ಎಂಬ ಮಹಾಶಯ ಒಂದು ಹೆಗಲಿನಿಂದ ಹೊಕ್ಕು, ಒಳಗಿದ್ದ ಮೂಳೆಯನ್ನೆಲ್ಲ ಪುಡಿ ಮಾಡಿ, ಆ ಪುಡಿಯನ್ನೂ ಜೊತೆಗೆ ಕರೆದುಕೊಂಡು ಇನ್ನೊಂದು ಹೆಗಲಿನಿಂದ ಹೊರಬಿದ್ದಿದ್ದ. ಎರಡನೆಯ ಗುಂಡು ಕುತ್ತಿಗೆಗೆ ಬಿದ್ದಿತ್ತು.

ಇರ್ಯಾ ಬೆರಳಿನಿಂದ ಮುಟ್ಟಿ ನೋಡಿದಳು. "ಇದೇನು ಮಾಂಸಾನಾ, ಹಣ್ಣಿನ ಜಾಮಾ?"

"ನಿಂತಲ್ಲೇ ಬಿತ್ತು," ಅಂದೆ ನಾನು ಸಣ್ಣಗೆ.

"ಹೆಗಲೆಲ್ಲಿ ಹೆಯ್ಮೋ? ನನ್ನ ಹೆಗಲೆಲ್ಲಿ?"

"ಅಲ್ಲೇ ಇದೆಯಲ್ಲ..."

"ಇಲ್ಲಿರೋದು ರಕ್ತ. ರಕ್ತದೊಳಗೆ ಮೂಳೆ ಚೂರು. ಇದನ್ನ ನಾಯಿಗೆ ಹಾಕಿದ್ರೂ ನಾಯಿ ನನ್ನ ಮುಖ ನೋಡುತ್ತೆ. ಕುತ್ತಿಗೆಗೆ ಯಾಕೆ ಹೊಡ್ದೆ? ಸತ್ತಿದ್ದನ್ನ ಇನ್ನೊಂದ್ಸಲ ಯಾಕೆ ಸಾಯಿಸ್ದೆ?"

ಅವಳು ಅಳಲಿಲ್ಲ. ಏಪ್ರನ್ನಿನ ಅಂಚಿನಿಂದ ಬೆರಳೊರೆಸಿಕೊಂಡು ಅಣ್ಣನ ಕಡೆ ತಿರುಗಿ, "ಸಾರಿಗೆ ಮಾಂಸ ಬೇಕು. ಬೆನ್ನು ಕೊಡು," ಅಂದಳು.

ಬೆನ್ನಿನ ಮಾಂಸ! ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷವಿಡೀ ಕಾದದ್ದು, ಬೆಣ್ಣೆಯಲ್ಲಿ ಬಾಡಿಸಿ ತಿನ್ನುವ ಮಾಂಸ, ಅದನ್ನು ಕ್ಯಾರೆಟ್ಟಿನ ಜೊತೆ ನೀರಲ್ಲಿ ಬೇಯಿಸುವುದು! ಆದರೆ ಹಿಲ್ಮಾ ಅಜ್ಜಿಯ ಕಾಡು ಎಲ್ಲರ ಕಣ್ಣಮುಂದಿತ್ತು. ಭಾವ ಬೆನ್ನಿನ ಎರಡೂ ಪಟ್ಟಿಗಳನ್ನು ಬಿಡಿಸಿ ಟಬ್ಬಿನಲ್ಲಿ ಇಟ್ಟ. ಸಾಲದೆ ಹೋದಾಗ ಹಿಂದಿನ ತೊಡೆಯ ಒಳಭಾಗವನ್ನೂ ಇಟ್ಟ. ಪ್ರತಿಯೊಂದು ತುಂಡು ಬಿದ್ದಾಗಲೂ ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು.

ಮನೆಗೆ ಬಂದ ಮೇಲೆ ಇರ್ಯಾ ಕ್ಯಾರೆಟ್ಟು ಹೆಚ್ಚುತ್ತಾ ಕೂತಳು. ಸಾಮಾನ್ಯವಾಗಿ ನನ್ನನ್ನು ಬೈಯುತ್ತಾ ಹೆಚ್ಚುತ್ತಾಳೆ, ಆವತ್ತು ಬೈಯಲೂ ಇಲ್ಲ. ನನಗೆ ಭಯವಾಯಿತು.

"ಇರ್ಯಾ, ಏನಾದ್ರೂ ಅನ್ನು."

"ಏನಂತ ಅನ್ಲಿ? ಮೂಳೆ ಇಲ್ಲ, ಹೆಗಲಿಲ್ಲ. ಬಿಸಿನೀರಲ್ಲಿ ಮೆತ್ತನೆ ಮಾಂಸ. ಅಮ್ಮನ ಕೊಪ್ಪರಿಗೆಯಲ್ಲಿ ಇಂಥದ್ದು ಬೆಂದಿಲ್ಲ. ಅಜ್ಜಿ ಒಂದು ತುತ್ತು ಬಾಯಿಗಿಟ್ಟು ಇದು ನಿಮ್ಮ ಸಾರಲ್ಲ ಅಂದ್ರೆ ನಾನು ಮುಖ ಎಲ್ಲಿ ಇಡ್ಲಿ?" ಎಂದಳು. ಆಗ ಅವಳ ಕಣ್ಣು ಒದ್ದೆಯಾಗಿತ್ತು. ಈರುಳ್ಳಿ ಇನ್ನೂ ಹೆಚ್ಚಿರಲಿಲ್ಲ. ನಾನು ಮನಸ್ಸಿನಲ್ಲೇ ಜಗತ್ತಿನ ಎಲ್ಲ ತೋಟಾಗಳಿಗೂ ಶಾಪ ಹಾಕಿದೆ.

ಔತಣದ ದಿನ ಸಭಾಭವನ ತುಂಬಿತ್ತು. ರೈ ರೊಟ್ಟಿ, ಬೆಣ್ಣೆ, ಉಪ್ಪಿನ ಸೌತೆ, ನಡುವೆ ಹೊಗೆಯಾಡುವ ಕೊಪ್ಪರಿಗೆ. ನೆರೆಯ ತಂಡದ ನಾಯಕನೆಂದು ವಿಲ್ಯಾಮಿಗೂ ಕರೆ ಹೋಗಿತ್ತು. ಅವನು ಹಿಲ್ಮಾ ಅಜ್ಜಿಯ ಕೋಟನ್ನು ಬಿಚ್ಚಿಸಿ, ಕುರ್ಚಿ ಎಳೆದುಕೊಟ್ಟು, ಪಕ್ಕದಲ್ಲೇ ಕೂತ. ಇರ್ಯಾ ಸೌಟು ಹಿಡಿದು ಕಲ್ಲಿನಂತೆ ನಿಂತಿದ್ದಳು. ನಾನು ಅವಳ ಹಿಂದೆ, ತಟ್ಟೆಗಳ ರಾಶಿಯ ಮರೆಯಲ್ಲಿ.

ಅಜ್ಜಿ ಒಂದು ಚಮಚ ಬಾಯಿಗಿಟ್ಟರು. ಇನ್ನೊಂದು ಇಟ್ಟರು. ಬಟ್ಟಲು ಖಾಲಿಯಾಯಿತು. ಬಟ್ಟಲನ್ನು ಮುಂದಕ್ಕೆ ಚಾಚಿದರು. ಅದೂ ಖಾಲಿಯಾಯಿತು. ಮೂರನೆಯದು ಮುಗಿದ ಮೇಲೆ ಮೇಜಿಗೆ ಕೈಯೂರಿ ಎದ್ದು ನಿಂತರು.

"ಇಷ್ಟು ವರ್ಷ ಈ ಸಾರು ಉಂಡಿದ್ದೀನಿ," ಎಂದರು. "ಹಲ್ಲಿದ್ದಾಗ ಅಗಿದೆ. ಹಲ್ಲು ಹೋದ್ಮೇಲೆ ಹಾಗೇ ನುಂಗಿದೆ. ಯಾರಿಗೂ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ. ಇವತ್ತು ತಿಂದೆ. ಮಾಂಸ ನಾಲ್ಗೆ ಮೇಲೇ ಕರಗ್ತು."

ಸಭಾಭವನದಲ್ಲಿದ್ದ ಮುದುಕ ಮುದುಕಿಯರೆಲ್ಲ ತಲೆಯಾಡಿಸಿದರು. ಹಲ್ಲಿಲ್ಲದ ಬಾಯಿಗಳು ಅಷ್ಟಿವೆಯೆಂದು ನಮಗೆ ಆವತ್ತೇ ಗೊತ್ತಾದದ್ದು. ಇರ್ಯಾಳ ಮುಖ ಮೊದಲು ಕೆಂಪಾಯಿತು (ಅವಳಮ್ಮನ ಸಾರಿನ ಮಾತಲ್ಲವೇ), ಆಮೇಲೆ ಬೆಳಗಿತು.

"ಈ ಸಲ ಏನು ಬೇರೆ ಮಾಡಿದ್ರಿ?" ಎಂದು ಕೇಳಿದರು ಅಜ್ಜಿ.

ನಿಮ್ಮ ಕಾಡಿಗೋಸ್ಕರ ನಮ್ಮ ಬೆನ್ನಿನ ಮಾಂಸವನ್ನೇ ಹಾಕಿದೆವು, ಇಷ್ಟು ವರ್ಷ ಗಟ್ಟಿ ಮಾಂಸ ನಿಮಗೆ, ಮೆತ್ತನೆಯದು ನಮಗೆ ಎಂದು ಹೇಳಲಾದೀತೇ? ಭಾವ ನಿಂತು ಟೋಪಿ ಹಿಂಡಿದ. ಅವನ ಕಣ್ಣು ಸಭಾಭವನದಲ್ಲೆಲ್ಲ ಅಲೆದು ತಟ್ಟೆಗಳ ಹಿಂದಿದ್ದ ನನ್ನ ಮೇಲೆ ಬಿತ್ತು.

"ಹೆಯ್ಮೋದು ಹೊಸ ತೋಟಾ, ಅಜ್ಜಿ," ಅಂದ.

"ಹಂಗಾದ್ರೆ ಆ ಹೊಡೆತಕ್ಕೇ ಮಾಂಸ ಮೆತ್ತಗಾಗುತ್ತಾ?"

"ಇರಬಹುದು," ಎಂದ ನನ್ನ ಭಾವ, ಸಾವೋ ಸೀಮೆಯ ಎಲ್ಲ ಗಾಂಭೀರ್ಯದಿಂದ. "ಇಲ್ದೇನೂ ಇರಬಹುದು."

"ಹಂಗಿದ್ರೆ ಕೇಳಿ. ನಾನು ಇರೋ ತನಕ ನನ್ನ ಕಾಡು ನಿಮ್ದೇ. ಒಂದೇ ಮಾತು. ಪ್ರತಿವರ್ಷ ಈ ಹುಡುಗನೇ ಹೊಡೀಬೇಕು, ಇದೇ ತೋಟಾದಲ್ಲೇ ಹೊಡೀಬೇಕು. ಬೇರೇದ್ರಲ್ಲಿ ಹೊಡೆದ್ರೆ ಬಾಯಿಗಿಟ್ಟ ಕೂಡ್ಲೇ ನಂಗೆ ಗೊತ್ತಾಗುತ್ತೆ." (ಹುಡುಗ ಎಂದರೆ ನಾನು. ಐವತ್ತು ದಾಟಿದ ಹುಡುಗ.)

ಚಪ್ಪಾಳೆ ಬಿತ್ತು. ನಾನು ಬಾಯಿ ತೆರೆದು, "ಅಜ್ಜಿ, ಆ ರೈಫಲ್ಲು ನಾನು ಮಾರ್ಬೇಕು ಅಂತ..." ಎನ್ನುವಷ್ಟರಲ್ಲಿ ಭಾವನ ಬೂಟು ನನ್ನ ಪಾದದ ಮೇಲಿತ್ತು. ತಂಡದವರು ನನ್ನನ್ನು ಮೂಲೆಗೆ ಕರೆದೊಯ್ದರು. ಇನ್ನು ಮೇಲೆ ಪ್ರತಿವರ್ಷ ಸಾರಿಗೆ ಬೆನ್ನಿನ ಮಾಂಸವೇ ಹೋಗಬೇಕಾದ್ದರಿಂದ ಮೊದಲು ನನ್ನ ಪಾಲು ಹೋಗತಕ್ಕದ್ದು, ಜಜ್ಜಿಹೋದ ಹೆಗಲಿನಲ್ಲಿ ಏನಾದರೂ ಉಳಿದರೆ ಅದು ನನಗೆ ಎಂದು ತೀರ್ಮಾನವಾಯಿತು. ಯಾರೂ ನನ್ನನ್ನು ಕೇಳಲಿಲ್ಲ.

ಅಷ್ಟರಲ್ಲಿ ವಿಲ್ಯಾಮಿ ಬಂದು ನನ್ನ ತೋಳು ಹಿಡಿದ. ಜೀವನದಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಗೌರವ ಕಂಡೆ.

"ಹೆಯ್ಮೋ, ನಮ್ಮ ಕಡೆ ಮುದುಕರಿಗೂ ಹಲ್ಲಿಲ್ಲ ಕಣೋ. ನಾನೂ ನಾಳೆ ಮೂವತ್ತೆಂಟೇ ತಗೋತೀನಿ. ನನ್ನ ಒಂಬತ್ತು ಮೂರು ಸುಮ್ನೆ ಬಿದ್ದಿರುತ್ತೆ. ನಿಂಗೇನಾದ್ರೂ ಬೇಕಾ?"

ಬೇಕು ಎಂದು ಕೂಗಬೇಕೆನಿಸಿತು. ನನ್ನ ಹೆಗಲು ಬೇಕು ಎಂದಿತು, ನನ್ನ ಎಲುಬು ಬೇಕು ಎಂದಿತು. ನನ್ನ ಬದುಕಿನಲ್ಲಿ ಯಾವುದರ ಬಗ್ಗೆಯಾದರೂ ನನಗೆ ಪೂರ್ತಿ ಖಚಿತವಿದ್ದರೆ ಅದು ಈ ಒಂದು ವಿಷಯದ ಬಗ್ಗೆ. ಭಾವ ನೋಡುತ್ತಿದ್ದ, ತಂಡ ನೋಡುತ್ತಿತ್ತು.

"ಬೇಡ," ಅಂದೆ.

ಇರ್ಯಾ ಸೌಟು ಕೈಯಲ್ಲೇ ಹಿಡಿದು ನನ್ನ ಪಕ್ಕಕ್ಕೆ ಬಂದಳು. ಖುಷಿಯಲ್ಲಿದ್ದಳು. "ಅಂತೂ ನಿನ್ನ ತೋಟಾ ಯಾವ್ದು ಅಂತ ಊರವರೇ ಸೇರಿ ತೀರ್ಮಾನ ಮಾಡಿದ್ರು. ಇನ್ನು ಮನೇಲಿ ಆ ಮಾತಿಲ್ಲ," ಅಂದಳು.

ನಾನು ಹಿಲ್ಮಾ ಅಜ್ಜಿಯ ಕಡೆ ನೋಡಿದೆ. ವಯಸ್ಸಾಗಿದೆ, ಎಷ್ಟು ವರ್ಷ ಇದ್ದಾರು ಎಂದು ಒಂದು ಪಾಪದ ಯೋಚನೆ ಬಂದಿತ್ತು. ಅವರು ಪಕ್ಕದವಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಮ್ಮಮ್ಮ ನೂರು ದಾಟಿದ್ಳು. ಅವಳಿಗೆ ಇಷ್ಟು ಮೆತ್ತನೆ ಮಾಂಸ ಎಲ್ಲಿ ಸಿಗ್ತಿತ್ತು, ಹೇಳು?" ಹಾಗೆಂದು ಅಜ್ಜಿ ನಾಲ್ಕನೆಯ ಬಟ್ಟಲನ್ನು ಚಾಚಿದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.